ಬಿಸಿಲಿಗೆ ಹಾಕಿದ ಧೋತ್ರ

ಈಚಲ ಗರಿಯ ಬುಡದಲ್ಲಿ ಒಂದು ಮುಳ್ಳು ಉಳಿದುಬಿಟ್ಟಿದೆ, ಅಂಗೈಗೆ ಚುಚ್ಚುತ್ತಿದೆ, ಚುಚ್ಚಲಿ, ಎತ್ತಿ ಹಿಡಿದ ಕೈ ಇಳಿಸುವುದಿಲ್ಲ, ಹಿಂದೆ ನಲವತ್ತು ಜನ ಬರುತ್ತಿದ್ದಾರೆ, ಎಲ್ಲರ ಕೈಯಲ್ಲೂ ಗರಿ, ಎಲ್ಲರ ಬಾಯಲ್ಲೂ ಹೊಸನ್ನ ಎಂಬ ಜಯಕಾರ, ಮುಂದೆ ಹುಡುಗರು ಎತ್ತಿ ಹಿಡಿದ ಮರದ ಶಿಲುಬೆ, ಅದರ ಮುಂದೆ ಬಾಡಿಗೆ ಆಟೋ, ಆಟೋದ ನೆತ್ತಿಯ ಮೇಲೆ ಮೈಕಿನ ಎರಡು ಭೋಂಗಾ, ಒಂದು ಎಡಕ್ಕೆ ಒಂದು ಬಲಕ್ಕೆ, ವಾಡಿ ಊರಿನ ಯಾವ ಮನೆಯೂ ತಪ್ಪಿಸಿಕೊಳ್ಳಬಾರದು ನೋಡಿ — ಒಂಬತ್ತು ಗಂಟೆಗೇ ಎಂಥ ಬಿಸಿಲು, ಫರಸಿ ಕಲ್ಲು ಹಾಸಿದ ಓಣಿ ಹಂಚಿನಂತೆ ಕಾದಿದೆ, ಗರಿಗಳ ಭಾನುವಾರ ಚಪ್ಪಲಿ ಹಾಕಬಾರದೆಂದು ಯಾರು ಹೇಳಿದರು, ಯಾರೂ ಹೇಳಿಲ್ಲ, ಹೋದ ವರ್ಷ ನಾನೇ ಬರಿಗಾಲಲ್ಲಿ ನಡೆದೆ, ನೋಡ್ರಿ ನಮ್ಮ ಚಂದ್ರಕಲಾ ಸಿಸ್ಟರ್ ಅವರ ಭಕ್ತಿ ಅಂತ ಮಂದಿ ನನ್ನನ್ನು ಹೊಗಳಿದರು, ಆ ಒಂದು ಮಾತಿಗೆ ಈ ವರ್ಷವೂ ಅಂಗಾಲು ಸುಟ್ಟುಕೊಳ್ಳುತ್ತಿದ್ದೇನೆ. ಇನ್ನು ಎರಡೇ ತಿರುವು, ಮೊದಲು ನಬೀಸಾಬನ ಚಹಾದಂಗಡಿ, ಆಮೇಲೆ ಬೇವಿನ ಗಿಡ, ಗಿಡ ದಾಟಿದರೆ ಮರೆಮ್ಮಕ್ಕನ ಮನೆ, ಅದಕ್ಕೆ ಅಂಟಿಕೊಂಡೇ ನನ್ನ ಮನೆ, ನಡುವೆ ಒಂದೇ ಗೋಡೆ. ಬ್ಯಾಡ್ರಿ ಪಾಸ್ಟರ್, ಈ ಸಲ ನಮ್ಮ ಓಣಿ ಬಿಡೂಣು, ಟೇಷನ್ ರೋಡಿನ ಮ್ಯಾಲ ಹೋಗೂಣು ಅಂತ ಗುರುವಾರವೇ ಹೇಳಿದ್ದೆ, ಸಾಯಿಕುಮಾರ ಪಾಸ್ಟರ್ ನಕ್ಕರು, ಕೆಟ್ಟ ಮನುಷ್ಯನಲ್ಲ, ವಯಸ್ಸಿನ್ನೂ ಮೂವತ್ತು ದಾಟಿಲ್ಲ, ಬಿಸಿಲು ಮಳೆ ಅನ್ನದೆ ಮೋಟರ್‌ಸೈಕಲ್ ಮೇಲೆ ಚಿತ್ತಾಪುರ ಸೇಡಂ ಚಿಂಚೋಳಿ ಸುತ್ತುತ್ತಾರೆ, ಯಾಕ ಸಿಸ್ಟರ್ ಅಂದರು, ನೀವೇ ಹಿಂಗ ನಾಚಿಕೊಂಡ್ರ ಹೆಂಗ, ನಾವೇನು ಕದ್ದು ಮುಚ್ಚಿ ನಂಬೂ ಮಂದಿ ಏನ್ರಿ. ಅದಲ್ರಿ, ಅಲ್ಲಿ ಮರೆಮ್ಮಕ್ಕನ ಮನಿ ಅದ. ಆಗ ಅವರಿಗೆ ನೆನಪಾಯಿತು, ಮೂರು ತಿಂಗಳ ಹಿಂದೆ ಆ ಮನೆಯ ಒಳಗಿನ ಮಾತನ್ನು ನಾನು ಮೈಕಿನಲ್ಲಿ ಆಡಿದ್ದು ಎಲ್ಲರಿಗೂ ನೆನಪಿದೆ, ಅವರ ಮುಖ ಅರಳಿತು, ಛಲೋ ಆಯ್ತಲ್ರಿ, ಅಲ್ಲೇ ನಿಂದ್ರೂಣು, ಅವರ ಬಾಗಲ ಮುಂದ ನಿಂತು ಮೈಕಿನ್ಯಾಗ ಕ್ಷಮಾ ಕೇಳ್ರಿ, ಇದಕ್ಕಿಂತ ದೊಡ್ಡ ಸಾಕ್ಷಿ ಮತ್ತ ಯಾವದದ, ಇಡೀ ಓಣಿ ಕರಗ್ತದ ನೋಡ್ರಿ. ಆಗಲಿ ಎಂದು ತಲೆ ಆಡಿಸಿದೆ, ಆಡಿಸಿದ್ದಷ್ಟೇ ಅಲ್ಲ, ಎರಡು ದಿನದಿಂದ ಹಿಟ್ಟು ಕಲಸುವಾಗ, ನೀರು ಹಿಡಿಯುವಾಗ ಆ ಮಾತುಗಳನ್ನು ಬಾಯಿಪಾಠ ಮಾಡುತ್ತಿದ್ದೇನೆ, ಯಾವ ಮಾತಿಗೆ ದನಿ ಒಡೆಯಬೇಕು ಎಂಬುದನ್ನು ಕೂಡ ಗೊತ್ತುಮಾಡಿ ಇಟ್ಟುಕೊಂಡಿದ್ದೇನೆ. ಥೂ ನನ್ನ ಜನ್ಮಕ್ಕೆ.

ಹಾಡು ಹಾಡು, ಬಾಯಿ ನಿಲ್ಲಿಸಬೇಡ, ಬಾಯಿ ಅದರ ಪಾಡಿಗೆ ಹಾಡುತ್ತದೆ, ತಲೆ ಅದರ ಪಾಡಿಗೆ ಓಡುತ್ತದೆ. ಹನ್ನೊಂದು ವರ್ಷ ಒಂದೇ ಒಲೆಯ ಮುಂದೆ ಕುಳಿತವರು ನಾವಿಬ್ಬರು, ಖಾನಾವಳಿಗಳಿಗೆ ಜೋಳದ ರೊಟ್ಟಿ ಮಾಡಿ ಕೊಡುವುದು, ಬಡಿಯುವುದು ಅವಳು, ಬೇಯಿಸುವುದು ನಾನು, ಮರೆಮ್ಮಕ್ಕನ ಕೈಯ ರೊಟ್ಟಿ ಎಂದರೆ ಅಂಚು ಒಡೆಯುವುದಿಲ್ಲ, ಚಂದ್ರನ ಹಾಗೆ ದುಂಡಗೆ, ನನಗೆ ಬಡಿಯಲಿಕ್ಕೆ ಬರುವುದಿಲ್ಲ, ಬಾಯಿ ಬಡಿಯಲಿಕ್ಕೆ ಮಾತ್ರ ಬರುತ್ತದೆ ಅಂತ ಅವಳೇ ಚೇಷ್ಟೆ ಮಾಡುತ್ತಿದ್ದಳು. ಒಲೆ ಹಚ್ಚುವ ಮೊದಲು ನಾನು ತಲೆಯ ಮೇಲೆ ಸೆರಗು ಎಳೆದುಕೊಂಡು ಎರಡು ನಿಮಿಷ ಕಣ್ಣು ಮುಚ್ಚುತ್ತಿದ್ದೆ, ಅವಳು ನೋಡಿಯೂ ನೋಡದ ಹಾಗೆ ಹಿಟ್ಟು ನಾದುತ್ತಿದ್ದಳು, ನಾನು ಅವಳಿಗೆ ಎಷ್ಟು ಪುಸ್ತಕ ಕೊಟ್ಟೆ, ಎಷ್ಟು ಪ್ರಾರ್ಥನೆಯ ಕೂಟಕ್ಕೆ ಕರೆದೆ, ಬಾ ಅಕ್ಕಾ ಒಂದ ಸಲ ಬಾ, ನೋಡೂಣು ತಗೋ ಅನ್ನುತ್ತಿದ್ದಳು, ನಗುತ್ತ, ನೋಯಿಸದೆ. ಒಂದು ದಿನ ಕಣ್ಣು ತೆರೆದು ನೋಡಿದರೆ ಅವಳೂ ಸೆರಗು ಹೊದ್ದು ಕುಳಿತಿದ್ದಾಳೆ, ಹಿಟ್ಟಿನ ಕೈಯಲ್ಲೇ ಎಳೆದುಕೊಂಡಿದ್ದಾಳೆ, ಹಣೆಯ ಮೇಲಿನ ಕೂದಲಿಗೆಲ್ಲ ಬಿಳಿ ಹಿಟ್ಟು. ಯಾಕಕ್ಕಾ ಅಂದೆ. ಏನಿಲ್ಲ ಚಂದ್ರಾ, ದಿನಾ ಒಬ್ಬರಿಗಿ ಬೈಯೂ ಬಾಯಿ ನಿಂದು, ಅದು ಎರಡು ನಿಮಿಷ ಸುಮ್ಮ ಕುಂದರ್ತದಲ್ಲ, ಅದು ನೋಡ್ಲಿಕ್ಕಿ ಭಾಳ ಛಂದ ಅನಿಸ್ತದ, ನನಗೂ ಹಂಗ ಕುಂದರಬೇಕು ಅನಿಸ್ತು. ಅಷ್ಟೇ. ನನ್ನ ಪುಸ್ತಕವಲ್ಲ, ಹಾಡಲ್ಲ, ಬಾಯಿ ಮುಚ್ಚಿ ಕೂತ ಆ ಎರಡು ನಿಮಿಷ. ಅವತ್ತು ನಾನು ಅರ್ಥ ಮಾಡಿಕೊಳ್ಳಬೇಕಿತ್ತು, ನಾನು ಮಾಡಿದ್ದೇನು, ಸಂಜೆ ಪಾಸ್ಟರ್‌ಗೆ ಫೋನು ಹಚ್ಚಿ ಮರೆಮ್ಮಕ್ಕ ಬರ್ಲಿಕತ್ತಾಳ್ರಿ, ದೇವರು ನನ್ನ ಪ್ರಾರ್ಥನಿ ಕೇಳಿದಾನ್ರಿ ಎಂದು ಡಂಗುರ ಹೊಡೆದೆ.

ಆ ಮನೆಯೊಳಗಿನ ಮಾತು ಅವಳು ನನಗೆ ಹೇಳಿದ್ದು ದೀಪಾವಳಿ ಆದಮೇಲೆ, ರೊಟ್ಟಿ ಬಡಿಯುತ್ತಲೇ ಹೇಳಿದಳು, ಕೈ ನಿಲ್ಲಿಸದೆ, ನನ್ನ ಕಡೆ ನೋಡದೆ, ನಿಮ್ಮ ಮಾವಗ ಉಚ್ಚಿ ನಿಂದರಂಗಿಲ್ಲ ಚಂದ್ರಾ, ಆಪರೇಷನ್ ಆದ ಮ್ಯಾಲಿಂದ ಹಿಂಗೇ, ಗೊತ್ತ ಆಗಂಗಿಲ್ಲ ಪಾಪ, ಕುಂತಲ್ಲೇ ಆಗಿಬಿಡ್ತದ, ದಿನಕ್ಕ ಮೂರು ಧೋತ್ರ ಒಗೀತೀನಿ, ಹೊರಗ ಹಾಕಿದ್ರ ದಿನಾ ಮೂರ್ಮೂರು ಯಾಕಂತ ಓಣಿ ಕೇಳ್ತದ, ಅದಕ್ಕ ಒಳಗ ಒಲಿ ಮ್ಯಾಲ ಹಗ್ಗ ಕಟ್ಟೀನಿ, ತೆಂಗಳಿ ಊರಿಗಿ ಕೊಟ್ಟ ಮಗಳಿಗಿ ಸೈತ ಹೇಳಿಲ್ಲ. ಆಮೇಲೆ ಕೈ ನಿಂತಿತು. ಯಾರ ಮುಂದೂ ಆಡಬ್ಯಾಡ, ನಿಮ್ಮ ಯೇಸಪ್ಪನ ಮುಂದ ಅಷ್ಟ ಹೇಳು. ಅವಳ ಗಂಡ, ಓಣಿಗೆಲ್ಲ ಮಾವ, ಜಟ್ಟೆಪ್ಪ ಮಾವ ಎಂದರೆ ಎಂಥ ಮನುಷ್ಯ, ಮೂವತ್ತನಾಲ್ಕು ವರ್ಷ ರೈಲ್ವೆಯಲ್ಲಿ ಗ್ಯಾಂಗ್‌ಮನ್, ಭುಜದ ಮೇಲೆ ಸುತ್ತಿಗೆ ಇಟ್ಟುಕೊಂಡು ವಾಡಿಯಿಂದ ಚಿತ್ತಾಪುರದ ತನಕ ಹಳಿ ನೋಡುತ್ತ ನಡೆದವನು, ನೌಕರಿ ಮುಗಿದ ಮರುದಿನ ಖಾಕಿ ಬಿಚ್ಚಿ ಬಿಳಿ ಧೋತ್ರ ಉಟ್ಟ, ಆಯುಷ್ಯ ಪೂರಾ ಗ್ರೀಸಿನ್ಯಾಗ ಕಳದೀನಿ, ಇನ್ನ ಬೆಳ್ಳಗ ಇರ್ತೀನಿ ಅಂದ, ಅದನ್ನು ಮಡಿಚಿ ಹಾಸಿಗೆಯ ಕೆಳಗಿಟ್ಟು ಇಸ್ತ್ರಿ ಮಾಡಿಕೊಳ್ಳುತ್ತಿದ್ದ, ಬೆಳಿಗ್ಗೆ ನಬೀಸಾಬನ ಅಂಗಡಿಗೆ ಹೊರಟರೆ ಓಣಿಯ ಹುಡುಗರು ಮಾವ ಬಂದ ಮಾವ ಬಂದ ಎಂದು ಬೀಡಿ ಮುಚ್ಚಿಡುತ್ತಿದ್ದರು. ಅಂಥ ಮನುಷ್ಯನ ಧೋತ್ರದ ಮಾತು ನನ್ನ ಕೈಗೆ ಕೊಟ್ಟಳು ಅವಳು, ನಂಬಿ ಕೊಟ್ಟಳು.

ನಬೀಸಾಬನ ಅಂಗಡಿ ಬಂತು, ರೇಡಿಯೋ ಬಂದ್ ಮಾಡಿದ, ನಮ್ಮ ಮೆರವಣಿಗೆ ಬಂದಾಗೆಲ್ಲ ಹಾಗೆ ಮಾಡುತ್ತಾನೆ, ಪುಣ್ಯಾತ್ಮ, ಹುಡುಗರಿಗೆ ನೀರಿನ ಜಗ್ ಕೊಡುತ್ತಿದ್ದಾನೆ, ನನ್ನ ಕಡೆ ಮಾತ್ರ ನೋಡಲಿಲ್ಲ, ನೋಡಿದ, ಆದರೆ ನನ್ನ ಹಿಂದಿನ ಬೆಂಚನ್ನು ನೋಡಿದ, ಮಾವ ದಿನಾ ಕೂಡುತ್ತಿದ್ದ ಮೂಲೆಯ ಬೆಂಚು, ಖಾಲಿ. ಜನವರಿಯಲ್ಲಿ ಸಕ್ಕರೆ ತರಲು ಹೋದಾಗ ಹೇಳಿದ್ದ, ನಿಮ್ಮ ಹಾಡು ಛಲೋ ಇರ್ತಾವ ಬಾಯಿಯವರೇ, ನಾ ಖರೇನೇ ಕೇಳ್ತೀನಿ, ಆದ್ರ ಜಟ್ಟೆಪ್ಪಣ್ಣ ಬರೂದು ಬಿಟ್ಟಾನ, ಅವನ ಗಿಲಾಸ್ ನಾ ಮತ್ತೊಬ್ಬರಿಗಿ ಕೊಡಲಿಕತ್ತಿಲ್ಲ, ನೀವೇ ಹೇಳ್ರಿ ನಾ ಏನ ಮಾಡ್ಲಿ. ಸಕ್ಕರೆ ಅಲ್ಲೇ ಬಿಟ್ಟು ಬಂದೆ. ಮೈಕು ಕೆಟ್ಟದ್ದು ಅನ್ನಲಿಕ್ಕೆ ನನಗೆ ಬಾಯಿಲ್ಲ, ನನ್ನನ್ನು ಕರೆದದ್ದೇ ಮೈಕು, ಶಹಾಬಾದಿನ ತವರು ಮನೆಯಲ್ಲಿ, ಎರಡನೇ ಕೂಸು ಹೋಗಿ ನಾಲ್ಕನೇ ದಿನ, ಅನ್ನ ಒಲ್ಲದೆ ಗೋಡೆಗೆ ಮುಖ ಮಾಡಿ ಮಲಗಿದ್ದೆ, ಹೊರಗೆ ಒಂದು ಆಟೋ ಹೋಯಿತು, ಯಾರೋ ಹೆಂಗಸು ಹರಕು ದನಿಯಲ್ಲಿ ಹಾಡುತ್ತಿದ್ದಳು, ತಾಳವಿಲ್ಲ, ರಾಗವಿಲ್ಲ, ನಾನು ಎದ್ದು ಬಾಗಿಲಿಗೆ ಬಂದೆ, ಅವಳಿಗೆ ನಾನು ಯಾರೆಂದೇ ಗೊತ್ತಿಲ್ಲ, ನನ್ನ ಹೆಸರು ಗೊತ್ತಿಲ್ಲ, ನನ್ನ ಕೂಸಿನ ಸುದ್ದಿ ಗೊತ್ತಿಲ್ಲ — ಗೊತ್ತಿರಲಿಲ್ಲ, ಅದಕ್ಕೇ ಎದ್ದು ಬಂದೆನೇನೋ, ಅವಳೇನಾದರೂ ಈ ಮನೆಯಲ್ಲಿ ಚಂದ್ರಕಲಾ ಇದ್ದಾಳೆ, ಕೂಸು ಸತ್ತವಳು ಎಂದು ಮೈಕಿನಲ್ಲಿ ಕೂಗಿದ್ದರೆ ನಾನು ಬಾಗಿಲು ಹಾಕಿಕೊಳ್ಳುತ್ತಿದ್ದೆ, ಸಾಯುವ ತನಕ ತೆಗೆಯುತ್ತಿರಲಿಲ್ಲ. ಇಷ್ಟು ಸಣ್ಣ ವಿಷಯ ಹದಿನೈದು ವರ್ಷ ತಲೆಗೆ ಹೊಳೆಯಲಿಲ್ಲ. ಸೇಡಂ ಪ್ಯಾಸೆಂಜರ್ ರೈಲಿನಲ್ಲಿ ಎದ್ದು ನಿಂತು ಯೇಸು ನನ್ನನ್ನು ಹೇಗೆ ಎಬ್ಬಿಸಿದ ಎಂದು ಸಾಕ್ಷಿ ಹೇಳುತ್ತಿದ್ದೆ, ಒಬ್ಬ ಮುದುಕ ಕುಂದ್ರಿ ತಾಯಿ ದಣದೀರಿ ಎಂದು ಜಾಗ ಬಿಟ್ಟುಕೊಟ್ಟ, ಅದನ್ನು ಊರೆಲ್ಲ ಹೇಳಿಕೊಂಡು ತಿರುಗಿದೆ, ನನ್ನ ದನಿ ಕೇಳಿ ಕೂಸನ್ನು ಎತ್ತಿಕೊಂಡು ಬೇರೆ ಡಬ್ಬಿಗೆ ಹೋದ ಹೆಂಗಸಿನ ಸುದ್ದಿ ಯಾರಿಗೂ ಹೇಳಲಿಲ್ಲ, ಅವಳ ಕೂಸು ಮಲಗಿತ್ತು, ನಾನು ಎಬ್ಬಿಸಿದೆ.

ಬೇವಿನ ಗಿಡ ಕಾಣುತ್ತಿದೆ. ಡಿಸೆಂಬರಿನಲ್ಲಿ ಕೂಟ ನಡೆದದ್ದು ಇದೇ ಓಣಿಯಲ್ಲಿ, ಸಂಜೆ ಆರಕ್ಕೆ, ಜಮಖಾನೆ ಹಾಸಿ, ಭೋಂಗಾ ಕಟ್ಟಿದ್ದು ಮರೆಮ್ಮಕ್ಕನ ಮನೆ ಎದುರಿನ ಲೈಟಿನ ಕಂಬಕ್ಕೆ, ಅಲ್ಲಿ ಕಟ್ಟ್ರಿ ಎಂದವಳೂ ನಾನೇ, ಎರಡೂ ಕಡೆ ಕೇಳ್ತದ ಅಂತ. ಮರೆಮ್ಮಕ್ಕ ತಾನಾಗಿ ಬಂದಳು, ಯಾರೂ ಕರೆಯದೆ, ಎಲ್ಲರ ಹಿಂದೆ ಕುಳಿತಳು, ಸೆರಗು ಹೊದ್ದು, ನನ್ನ ಎದೆ ಉಬ್ಬಿತು, ನೋಡಿ ನನ್ನ ಬೆಳೆ ಅಂತ. ನಮ್ಮಲ್ಲಿ ಕಡೆಗೆ ಒಬ್ಬೊಬ್ಬರೇ ಮೈಕು ಹಿಡಿದು ಕಷ್ಟದಲ್ಲಿ ಇರುವವರ ಹೆಸರು ಹೇಳಿ ಪ್ರಾರ್ಥಿಸುತ್ತೇವೆ, ನನ್ನ ಪ್ರಾರ್ಥನೆ ಎಂದರೆ ಹೆಸರಿಗೆ ಹೆಸರು, ಓಣಿಗೆ ಓಣಿ, ರೋಗಕ್ಕೆ ರೋಗ, ಟಪಾಲಿಗೆ ವಿಳಾಸ ಬರೆದ ಹಾಗೆ, ಎಲ್ಲಿ ಮುಟ್ಟಬೇಕೋ ಅಲ್ಲೇ ಮುಟ್ಟಬೇಕು. ಅವತ್ತು ಶಹಾಬಾದಿನಿಂದ ಭಾಗ್ಯಜ್ಯೋತಿ ಬಂದಿದ್ದಳು, ನನಗಿಂತ ಹತ್ತು ವರ್ಷ ಸಣ್ಣವಳು, ನನಗಿಂತ ಮೊದಲು ಮೈಕು ಅವಳಿಗೆ ಕೊಟ್ಟರು, ಅವಳು ಬೇಡಿಕೊಂಡಳು, ಮಂದಿ ಅತ್ತರು, ಹೆಂಗಸರು ಗಳಗಳ ಅತ್ತರು, ಚಿತ್ತಾಪುರದ ಸಭೆಯ ಹಿರಿಯರು ಕನ್ನಡಕ ತೆಗೆದು ಕಣ್ಣೊರೆಸಿಕೊಂಡರು. ಆಮೇಲೆ ನನ್ನ ಸರದಿ. ಬಾಯಿ ತಪ್ಪಿ ಬಂತು ಎಂದು ಪಾಸ್ಟರ್‌ಗೆ ಹೇಳಿದ್ದೇನೆ, ಅವ್ವನಿಗೆ ಹೇಳಿದ್ದೇನೆ, ದೇವರಿಗೂ ಹಾಗೇ ಹೇಳಿದ್ದೇನೆ, ಸುಳ್ಳು, ಅದು ಬಾಯಿ ತಪ್ಪಿದ್ದಲ್ಲ. ಕರ್ತನೇ, ಇದೇ ಓಣಿಯ, ಬೇವಿನ ಗಿಡದ ಬಾಜುವಿನ ಜಟ್ಟೆಪ್ಪನವರನ್ನು ನೆನಪಿಸಿಕೋ ಎಂದೆ, ಎಂದು ಒಂದು ಉಸಿರು ತೆಗೆದುಕೊಂಡೆ, ಆ ಉಸಿರಿನಲ್ಲಿ ನನಗೆ ಎಲ್ಲ ಗೊತ್ತಿತ್ತು, ಯಾರ ಮುಂದೂ ಆಡಬ್ಯಾಡ ಎಂದದ್ದು ಗೊತ್ತಿತ್ತು, ಹಿಂದಿನ ಸಾಲಿನಲ್ಲಿ ಸೆರಗು ಹೊದ್ದವಳು ತಲೆ ಎತ್ತಿದ್ದು ಕಂಡಿತ್ತು, ಆದರೆ ಓಣಿಗೆ ಓಣಿಯೇ ಸುಮ್ಮನಾಗಿತ್ತು, ಅಷ್ಟು ಜನ ನನ್ನ ಮುಂದಿನ ಮಾತಿಗೆ ಕಾಯುತ್ತಿದ್ದರು, ಭಾಗ್ಯಜ್ಯೋತಿಗೆ ಕಾದದ್ದಕ್ಕಿಂತ ಹೆಚ್ಚು ಕಾಯುತ್ತಿದ್ದರು, ಆ ಮೌನ ಎಷ್ಟು ಸಿಹಿಯಾಗಿತ್ತು ಎಂದು ಹೇಗೆ ಹೇಳಲಿ, ಹೇಳಿಬಿಟ್ಟೆ. ಮೂತ್ರ ನಿಲ್ಲದೆ ದಿನಕ್ಕೆ ಮೂರು ಧೋತ್ರ ಒದ್ದೆಯಾಗುತ್ತವೆ ಕರ್ತನೇ, ನಿನ್ನ ಮಗಳು ಮರೆಮ್ಮ ಕದ್ದು ಒಗೆದು ಒಲೆಯ ಮೇಲೆ ಒಣಗಿಸುತ್ತಾಳೆ ಕರ್ತನೇ, ಆ ಮುಚ್ಚಿಟ್ಟ ಕಣ್ಣೀರನ್ನು ನೋಡು. ಆಮೆನ್ ಅಂದರು ಎಲ್ಲರೂ, ಜೋರಾಗಿ ಅಂದರು. ಹಿಂದೆ ಹುಡುಗರಲ್ಲಿ ಒಬ್ಬ ಕಿಸಕ್ಕೆಂದ. ಕಣ್ಣು ತೆರೆದರೆ ಜಟ್ಟೆಪ್ಪ ಮಾವ ತನ್ನ ಹೊಸ್ತಿಲ ಮೇಲೆ ಕುಳಿತಿದ್ದಾನೆ, ಹಾಡು ಚೆನ್ನಾಗಿದೆ ಅಂತ ಹೊರಗೆ ಬಂದು ಕುಳಿತವನು, ಇಸ್ತ್ರಿಯ ಬಿಳಿ ಧೋತ್ರ, ಕೈಯಲ್ಲಿ ಚಹಾದ ಗಿಲಾಸು, ಎಲ್ಲರೂ ತಿರುಗಿ ಅವನ ಧೋತ್ರ ನೋಡುತ್ತಿದ್ದಾರೆ. ಮರೆಮ್ಮಕ್ಕ ತಲೆಯ ಮೇಲಿನ ಸೆರಗನ್ನು ತೆಗೆದಳು, ಸಾವಕಾಶ, ತೆಗೆದು ಟೊಂಕಕ್ಕೆ ಸಿಕ್ಕಿಸಿಕೊಂಡಳು, ಹಿಟ್ಟಿಗೆ ಕೂಡುವ ಮೊದಲು ಸಿಕ್ಕಿಸಿಕೊಳ್ಳುತ್ತಾಳಲ್ಲ ಹಾಗೆ, ಎದ್ದು ಹೋಗಿ ಅವನ ಕೈಯಿಂದ ಗಿಲಾಸು ಇಸಿದುಕೊಂಡಳು, ಏಳ್ರಿ ಅಂದಳು, ಬಾಗಿಲು ಹಾಕಿದಳು. ನಾನು ಮೈಕನ್ನು ಮುಂದಿನವಳಿಗೆ ಕೊಟ್ಟೆ.

ಮರುದಿನ ಬೆಳಿಗ್ಗೆ ಧೋತ್ರಗಳು ಹೊರಗಿದ್ದವು. ಬಾಗಿಲ ಚೌಕಟ್ಟಿನ ಕೊಂಡಿಯಿಂದ ಲೈಟಿನ ಕಂಬಕ್ಕೆ, ಅದೇ ಕಂಬಕ್ಕೆ, ಓಣಿಗೆ ಅಡ್ಡಲಾಗಿ ಹೊಸ ನೈಲಾನ್ ಹಗ್ಗ, ಅದರ ಮೇಲೆ ಮೂರು ಧೋತ್ರ, ಬೆಳ್ಳಗೆ, ನೀರು ತೊಟ್ಟಿಕ್ಕುತ್ತ. ನಾನು ರೊಟ್ಟಿ, ಶೇಂಗಾ ಹಿಂಡಿ ತಾಟಿಗೆ ಹಾಕಿಕೊಂಡು ಹೋದೆ, ಅಕ್ಕಾ ತಪ್ಪಾಗ್ಯಾದ ಅಂದೆ, ಅವಳು ಬೈಯಲಿಲ್ಲ, ಬೈದಿದ್ದರೆ ಬದುಕಿಕೊಳ್ಳುತ್ತಿದ್ದೆ, ನಿಂದೇನು ತಪ್ಪು ಚಂದ್ರಾ, ನಾನೇ ನಿಮ್ಮ ಯೇಸಪ್ಪಗ ಹೇಳು ಅಂದಿದ್ದೆ, ಹೇಳಿದಿ, ಒಂದ ಲೆಕ್ಕಕ್ಕ ಛಲೋನೇ ಆಯ್ತು, ಇನ್ನ ಒಳಗ ಹೊಗಿಯಾಗ ಒಣಗಸೂ ಕಟಿಪಿಟಿ ಇಲ್ಲ, ಹೊರಗ ಬಿಸಲಾಗ ಲಗೂ ಒಣಗ್ತಾವ. ತಾಟು ಒಳಗೆ ತೆಗೆದುಕೊಂಡಳು. ಸಂಜೆ ತೊಳೆದು ನನ್ನ ಹೊಸ್ತಿಲ ಮೇಲೆ ಇಟ್ಟು ಹೋದಳು, ಬರಿ ತಾಟು, ಹನ್ನೊಂದು ವರ್ಷದಲ್ಲಿ ನಮ್ಮಿಬ್ಬರ ನಡುವೆ ತಾಟು ಬರಿದಾಗಿ ತಿರುಗಿದ್ದಿಲ್ಲ, ಏನೂ ಇಲ್ಲದಿದ್ದರೆ ನಾಲ್ಕು ಕಾಳು ಸಕ್ಕರೆಯಾದರೂ ಇರುತ್ತಿತ್ತು. ಈಗ ಅವಳು ಗೋಡೆಯ ಆಚೆ ಒಬ್ಬಳೇ ಬಡಿಯುತ್ತಾಳೆ, ನಾನು ಈಚೆ ಒಬ್ಬಳೇ, ನನ್ನ ರೊಟ್ಟಿ ಅಂಚು ಒಡೆಯುತ್ತವೆ, ಒಲೆ ಹಚ್ಚುವ ಮೊದಲು ಸೆರಗು ಎಳೆದುಕೊಂಡು ಕಣ್ಣು ಮುಚ್ಚಿದರೆ ಪ್ರಾರ್ಥನೆ ಬರುವುದಿಲ್ಲ, ಧೋತ್ರ ಬರುತ್ತವೆ, ಮೂರು, ಸಾಲಾಗಿ. ಮಾವ ಮೂರು ತಿಂಗಳಿನಿಂದ ಹೊಸ್ತಿಲು ದಾಟಿಲ್ಲ.

ಗಿಡದ ನೆರಳು ದಾಟಿತು, ಬಿಸಿಲು, ಅಗೋ ಹಗ್ಗ, ಅಗೋ ಧೋತ್ರ, ಈಗಷ್ಟೇ ಹಾಕಿದ್ದಾಳೆ, ತೊಟ್ಟಿಕ್ಕುತ್ತಿವೆ, ಆಟೋ ನಿಂತಿತು, ಹಗ್ಗ ಅದರಿ, ಭೋಂಗಾಕ್ಕ ಸಿಗ್ತದ ಅಂದ ಆಟೋದವನು, ಹಾಡು ಮುಂದಿನವರಲ್ಲಿ ನಿಂತಿತು, ಹಿಂದಿನವರು ಇನ್ನೂ ಹೊಸನ್ನ ಅನ್ನುತ್ತಿದ್ದಾರೆ, ಪಾಸ್ಟರ್ ಮೈಕು ತಂದು ನನ್ನ ಕೈಯಲ್ಲಿಟ್ಟರು, ಇದೇ ವ್ಯಾಳೆ ಸಿಸ್ಟರ್, ಹೇಳ್ರಿ, ಎದಿ ಬಿಚ್ಚಿ ಹೇಳ್ರಿ, ಎಡಗೈಯಲ್ಲಿ ಗರಿ, ಬಲಗೈಯಲ್ಲಿ ಮೈಕು, ಬಾಯಿಪಾಠ ಎಲ್ಲ ಇದೆ, ಒಂದು ಅಕ್ಷರ ಮರೆತಿಲ್ಲ, ಈ ಓಣಿಯ ಮುಂದೆ ನಾನು ಪಾಪಿ, ಇಲ್ಲಿ ದನಿ ಒಡೆಯಬೇಕು — ಬಾಗಿಲು ತೆರೆಯಿತು. ಮರೆಮ್ಮಕ್ಕ, ಕೈ ತುಂಬ ಹಿಟ್ಟು, ಸೆರಗು ಟೊಂಕದಲ್ಲಿ, ನನ್ನನ್ನು ನೋಡಲಿಲ್ಲ, ಮೈಕನ್ನು ನೋಡಿದಳು, ಮೈಕನ್ನೇ ನೋಡುತ್ತಿದ್ದಾಳೆ, ಇನ್ನೂ ಏನು ಉಳಿದದ ನಮ್ಮ ಮನ್ಯಾಗ ಎನ್ನುವ ಹಾಗೆ. ಕ್ಷಮಿಸು ಎಂದರೆ ಯಾತಕ್ಕೆ ಎಂದು ಹೊಸಬರು ಕೇಳುತ್ತಾರೆ, ಯಾತಕ್ಕೆ ಎಂದರೆ ಧೋತ್ರಕ್ಕೆ, ಭೋಂಗಾ ಎರಡೂ ಕಡೆ ಅದನ್ನೇ ಮತ್ತೆ ಹೇಳುತ್ತದೆ, ಓಣಿ ಕರಗುತ್ತದೆ, ಹೌದು, ನನಗಾಗಿ ಕರಗುತ್ತದೆ. ಗುಂಡಿ ಒತ್ತಿ ಮೈಕು ಬಂದ್ ಮಾಡಿದೆ. ಸಿಸ್ಟರ್ ಆವಾಜ್ ಬರಲಿಕತ್ತಿಲ್ಲ ಎಂದರು ಯಾರೋ. ಮರೆಮ್ಮಕ್ಕನ ಹಿಂದಿನಿಂದ ಮಾವ ಬಂದ, ಮಾವನೇ, ಅರ್ಧ ಮನುಷ್ಯನಾಗಿದ್ದಾನೆ, ಲುಂಗಿ, ಕೈಯಲ್ಲಿ ಉದ್ದನೆಯ ಗಳ, ಹೊಸ್ತಿಲು ದಾಟಿದ, ಓಣಿಗೆ ಇಳಿದ, ಗಳದ ತುದಿಗೆ ಹಗ್ಗ ಸಿಕ್ಕಿಸಿ ಮೇಲೆ ಎತ್ತಿದ, ಭೋಂಗಾಕ್ಕಿಂತ ಮೇಲೆ, ಶಿಲುಬೆಗಿಂತ ಮೇಲೆ, ಇನ್ನೊಂದು ಕೈಯಿಂದ ಬರ್ರಿ ಬರ್ರಿ ಅನ್ನುತ್ತಿದ್ದಾನೆ, ಮುಖ ಪಕ್ಕಕ್ಕೆ, ಗಾಡಿ ಬಂದಾಗ ಹಳಿಯಿಂದ ಇಳಿದು ಹೀಗೇ ನಿಲ್ಲುತ್ತಿದ್ದನಲ್ಲ, ಗಾಡಿ ಪೂರಾ ಹೋಗುವ ತನಕ. ಆಟೋ ಹೋಯಿತು, ಶಿಲುಬೆ ಹೋಯಿತು, ಹುಡುಗರು ತಲೆ ತಗ್ಗಿಸಿಕೊಂಡು ಹೋದರು, ನಾನು ಮಾವಾ ಅನ್ನಬೇಕು, ಮೈಕಿಲ್ಲದೆ, ನನ್ನ ದನಿಯಲ್ಲಿ, ಅವನಿಗಷ್ಟೇ ಕೇಳುವ ಹಾಗೆ, ಅಷ್ಟು ಸಣ್ಣ ದನಿ ಎಲ್ಲಿ ಹೋಯಿತು, ಗಂಟಲಲ್ಲಿ ಹುಡುಕುತ್ತಿದ್ದೇನೆ, ನಡಿ ಚಂದ್ರಾ ಅಂದ ಮಾವ, ಮೆಲ್ಲಗೆ, ನನ್ನ ಕಡೆ ನೋಡದೆ, ಕೈ ಸೋಲ್ಲಿಕತ್ತಾವ, ಹಿಂದ ಮಂದಿ ನಿಂತಾರ, ಗಳ ನಡುಗುತ್ತಿದೆ, ಹಗ್ಗ ನಡುಗುತ್ತಿದೆ, ನೆತ್ತಿಯ ಸೆರಗಿನ ಮೇಲೆ ಒಂದು ಹನಿ ಬಿತ್ತು, ತಣ್ಣಗೆ, ಇನ್ನೊಂದು, ಕಾಲು ಏಳುತ್ತಿಲ್ಲ, ಮೇಲೆ ನೋಡಿದರೆ ಬಿಸಿಲು ತುಂಬಿಕೊಂಡ ಧೋತ್ರ, ಬೆಳ್ಳಗೆ, ಮೂರು, ಧೋತ್ರ,